ಬಿಳಿ ಹೊಟ್ಟೆಯೋ, ಬೆಳಕಿನ ಆಟವೋ: ಅಂಡಮಾನಿನ ಪುಟ್ಟ ಬಾನಾಡಿಯ ಗುರುತು ಹಿಡಿದ ಬಗೆ

ಫೆಬ್ರವರಿಯಲ್ಲಿ ಅಂಡಮಾನಿನಿಂದ ಬಂದ ಹಕ್ಕಿ ದಾಖಲೆ ಇದು. ಮೂರು ಜಾಗ, ಮೂರು ಬೇರೆ ಬೇರೆ ಹೊತ್ತು. ಎಲ್ಲದಕ್ಕೂ ಒಂದೇ ಹೆಸರು ಬರೆದಿತ್ತು: ಎಡಿಬಲ್-ನೆಸ್ಟ್ ಸ್ವಿಫ್ಟ್‌ಲೆಟ್. ಸ್ವಿಫ್ಟ್‌ಲೆಟ್ ಅಂದರೆ ಸ್ವಿಫ್ಟ್ ಕುಟುಂಬದ, ಹಾರುತ್ತಲೇ ಹುಳ ಹಿಡಿಯುವ ಪುಟ್ಟ ಹಕ್ಕಿ. ದಾಖಲೆ ಕಳಿಸಿದವಳು ನನ್ನ ಚಿಕ್ಕಪ್ಪನ ಮಗಳು. ಹೊನ್ನಾವರದವಳು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಈಗ ಪೋರ್ಟ್ ಬ್ಲೇರ್‌ನಲ್ಲಿ ಮನೆ ಮಾಡಿದ್ದಾರೆ. 2024ರಿಂದ ಆ ಊರಿನ ಅಧಿಕೃತ ಹೆಸರು ಶ್ರೀ ವಿಜಯ ಪುರಂ. ಹಕ್ಕಿಗಳ ಹಳೇ ದಾಖಲೆಗಳೆಲ್ಲ ಪೋರ್ಟ್ ಬ್ಲೇರ್ ಅಂತಲೇ ಇವೆ, ಹಾಗಾಗಿ ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

"ಅಣ್ಣಾ, ಹಕ್ಕಿ ಗುರುತಿಸೋ ಆ್ಯಪ್ ಎಲ್ಲದಕ್ಕೂ ಇದೇ ಹೆಸರು ಹೇಳ್ತಿದೆ. ಆದ್ರೆ ಒಂದರ ಹೊಟ್ಟೆ ಬೆಳ್ಳಗಿದೆ, ಇನ್ನೊಂದರದ್ದು ಕಪ್ಪು. ಗಂಡು, ಹೆಣ್ಣು ಇರಬಹುದಾ?"

ಪ್ರಶ್ನೆ ಚೆನ್ನಾಗಿದೆ. ಉತ್ತರದ ಮೊದಲ ಭಾಗ ಸುಲಭ. ಸ್ವಿಫ್ಟ್ ಜಾತಿಯ ಹಕ್ಕಿಗಳಲ್ಲಿ ಗಂಡು ಹೆಣ್ಣು ನೋಡೋಕೆ ಒಂದೇ ಥರ. ಹೊಟ್ಟೆಯ ಬಣ್ಣ ಬೇರೆಯಾಗಿದ್ದರೆ ಒಂದೋ ಹಕ್ಕಿ ಬೇರೆ, ಇಲ್ಲವೇ ಬೆಳಕು ಬೇರೆ. ಇಡೀ ಪ್ರಕರಣ ನಿಂತಿರುವುದೇ ಈ ಎರಡನ್ನು ಬಿಡಿಸಿ ನೋಡುವುದರ ಮೇಲೆ.

ದ್ವೀಪದಲ್ಲಿ ಹಕ್ಕಿ ಗುರುತಿಸುವವರಿಗೆ ಒಂದು ಅನುಕೂಲ ಇದೆ. ಪಟ್ಟಿ ಚಿಕ್ಕದು. ಅಂಡಮಾನಿನಲ್ಲಿ ವರ್ಷಪೂರ್ತಿ ಇರುವ ಸ್ವಿಫ್ಟ್‌ಲೆಟ್‌ಗಳು ಎರಡೇ. ಒಂದು ಪ್ಲೂಮ್-ಟೋಡ್ ಸ್ವಿಫ್ಟ್‌ಲೆಟ್. ಕೊಕ್ಕಿನಿಂದ ಬಾಲದ ತುದಿವರೆಗೆ 9-10 ಸೆಂ.ಮೀ. ಅಷ್ಟೇ. ಬೆನ್ನು ಹೊಳೆಯುವ ನೀಲಿ ಕಪ್ಪು, ಹೊಟ್ಟೆ ಬಿಳಿ. ಎರಡನೆಯದು ಎಡಿಬಲ್-ನೆಸ್ಟ್ ಸ್ವಿಫ್ಟ್‌ಲೆಟ್, ಸುಮಾರು 12 ಸೆಂ.ಮೀ. ಮೇಲೆಲ್ಲ ಕಂದುಗಪ್ಪು, ಕೆಳಗೆ ಬೂದು ಕಂದು, ಸೊಂಟದ ಹತ್ತಿರ, ಅಂದರೆ ಬಾಲದ ಬುಡದ ಮೇಲ್ಭಾಗದಲ್ಲಿ, ಸ್ವಲ್ಪ ಮಾಸಲು. ಜೊಲ್ಲಿನಿಂದ ಗೂಡು ಕಟ್ಟುವ, ಆ ಗೂಡಿಗೆ ಚೀನಾದ ಸೂಪಿನ ಮಾರುಕಟ್ಟೆಯಲ್ಲಿ ಭಾರಿ ಬೆಲೆ ಇರುವ ಹಕ್ಕಿ ಇದೇ. ಮುಂದೆ ಇವೆರಡನ್ನು ಬಿಳಿಹೊಟ್ಟೆಯದು, ಜೊಲ್ಲುಗೂಡಿನದು ಅಂತಲೇ ಕರೆಯುತ್ತೇನೆ. ಉದ್ದದ ಹೆಸರು ಪದೇ ಪದೇ ಬರೆದರೆ ಓದುವವರಿಗೂ ಸುಸ್ತು.

ಇವೆರಡರ ಜೊತೆಗೆ ಚಳಿಗಾಲದಲ್ಲಿ ಹಿಮಾಲಯನ್ ಸ್ವಿಫ್ಟ್‌ಲೆಟ್ ಬರುವ ಸಾಧ್ಯತೆ ಇದೆ. ಅದು ಸ್ವಲ್ಪ ದೊಡ್ಡದು, ಬಾಲದ ಕವಲು ಸ್ವಲ್ಪ ಜಾಸ್ತಿ. ಆಕಾಶದಲ್ಲಿ ಹಾರುವಾಗ ಜೊಲ್ಲುಗೂಡಿನದಕ್ಕೂ ಅದಕ್ಕೂ ವ್ಯತ್ಯಾಸ ಹೇಳುವುದು ಪಳಗಿದವರಿಗೂ ಕಷ್ಟ. ಬ್ರೌನ್-ಬ್ಯಾಕ್ಡ್ ನೀಡಲ್‌ಟೇಲ್ ಕೂಡ ಅಲ್ಲಿದೆ. ಅದರ ಗಾತ್ರ 20 ಸೆಂ.ಮೀ. ದಾಟುತ್ತದೆ, ಗೊಂದಲ ಆಗಲ್ಲ. ಪೆಸಿಫಿಕ್ ಸ್ವಾಲೋ ಎನ್ನುವ ಕವಲುತೋಕೆ ಅಲ್ಲಿನದೇ. ಬಾರ್ನ್ ಸ್ವಾಲೋ ಚಳಿಗಾಲಕ್ಕೆ ಬಂದುಹೋಗುತ್ತದೆ. ಇವೆರಡನ್ನು ದೂರ ಇಡೋಕೆ ಒಂದು ಪ್ರಶ್ನೆ ಸಾಕು: ತಂತಿ ಮೇಲೆ ಕೂತಿತ್ತಾ? ಕವಲುತೋಕೆ ತಂತಿ ಮೇಲೆ ಸಾಲಾಗಿ ಕೂರುತ್ತದೆ. ಸ್ವಿಫ್ಟ್‌ನ ಕಾಲಿಗೆ ಅದು ಆಗಲ್ಲ, ಗೋಡೆಗೋ ಬಂಡೆಗೋ ಉಗುರು ಸಿಕ್ಕಿಸಿ ಅಂಟಿಕೊಳ್ಳುತ್ತದೆ. "ಕೂತಿದ್ದೇ ನೋಡಿಲ್ಲ" ಅಂದಳು. ಮುಗಿಯಿತು.

ಅಷ್ಟರಲ್ಲಿ ಅವಳೇ ಇನ್ನೊಂದು ಹೆಸರು ಎತ್ತಿದಳು. "ನಮ್ಮ ನೇತ್ರಾಣಿಯಲ್ಲೂ ಇಂಥದ್ದೇ ಇದೆ ಅಂತಾರಲ್ಲ, ಅದೇ ಅಲ್ವಾ ಇದು?"

ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ಗುಡ್ಡದ ಬಂಡೆಗವಿಗಳಲ್ಲಿ ಸ್ವಿಫ್ಟ್‌ಲೆಟ್ ಇರುವುದು ನಿಜ. ಅದು ಇಂಡಿಯನ್ ಸ್ವಿಫ್ಟ್‌ಲೆಟ್. ಪಶ್ಚಿಮ ಘಟ್ಟ, ಅದರ ಪಕ್ಕದ ಕರಾವಳಿಯ ನಡುಗಡ್ಡೆಗಳು ಮತ್ತು ಶ್ರೀಲಂಕಾ, ಅದರ ನೆಲೆ ಇಷ್ಟೇ. ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳಲ್ಲಿ ಇದರ ದೊಡ್ಡ ಬೀಡು ಇದೆ. ನೋಡೋಕೆ ಅಂಡಮಾನಿನ ಜೊಲ್ಲುಗೂಡಿನ ಹಕ್ಕಿಯ ಅಣ್ಣ ತಮ್ಮ ಅನ್ನಬೇಕು, ಅಷ್ಟು ಹೋಲಿಕೆ. ನೇತ್ರಾಣಿಯ ಹಕ್ಕಿಯನ್ನು ತೆಗೆದು ಪೋರ್ಟ್ ಬ್ಲೇರ್ ಆಕಾಶದಲ್ಲಿ ಬಿಟ್ಟರೆ ದುರ್ಬೀನಿನಲ್ಲಿ ನೋಡಿ ಬೇರೆ ಅಂತ ಹೇಳಲು ನನಗಂತೂ ಆಗಲ್ಲ. ಇಲ್ಲಿ ತೀರ್ಮಾನ ಕೊಡುವುದು ಪುಕ್ಕ ಅಲ್ಲವೇ ಅಲ್ಲ, ನಕ್ಷೆ. ಸ್ವಿಫ್ಟ್‌ಲೆಟ್ ವಿಷಯದಲ್ಲಿ ಇದನ್ನು ಒಪ್ಪಿಕೊಳ್ಳದೆ ಗತಿಯಿಲ್ಲ. ಎಲ್ಲಿ ನೋಡಿದೆ, ಯಾವ ತಿಂಗಳು, ಎಂಥ ಗೂಡು, ಸದ್ದು ಕೇಳಿಸಿತಾ ಇವು ಮೊದಲು. ಫೋಟೋದ ಬಣ್ಣ ಆಮೇಲೆ.

ಮೊದಲನೆಯದು: ಜೆಟ್ಟಿ ಹತ್ತಿರದ ಕಟ್ಟಡ

ಬೆಳಗ್ಗೆ ಹನ್ನೊಂದರ ಹೊತ್ತು. ಜೆಟ್ಟಿ ಪಕ್ಕದ ಒಂದು ಹಳೇ ಕಟ್ಟಡದ ಸುತ್ತ ಪುಟ್ಟ ಹಕ್ಕಿಗಳು ತಲೆ ಮಟ್ಟದಲ್ಲೇ ಸುತ್ತುತ್ತಿದ್ದವು. ಫೋಟೋಗಳಲ್ಲಿ ಹೊಟ್ಟೆ ಬೆಳ್ಳಗೆ ಕಾಣುತ್ತದೆ. ಬಿಳಿಹೊಟ್ಟೆಯದು ಅಂತ ಅಲ್ಲೇ ಬರೆದು ಮುಗಿಸಬಹುದಿತ್ತು. ಆದರೆ ಸಮುದ್ರ ದಂಡೆಯಲ್ಲಿ ಹೊಟ್ಟೆ ಬೆಳ್ಳಗೆ ಕಾಣುವುದನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಕೆಳಗೆ ಬಿಳಿ ಮರಳೋ, ಕಾಂಕ್ರೀಟೋ, ಬಿಸಿಲು ಬಡಿದ ನೀರೋ ಇದ್ದರೆ ಬೆಳಕು ಕೆಳಗಿನಿಂದ ಪುಟಿದು ಬೂದು ಹೊಟ್ಟೆಯನ್ನೂ ಬಿಳಿ ಮಾಡಿಬಿಡುತ್ತದೆ. ಫೋನಿನ ಕ್ಯಾಮೆರಾ ನೆರಳಿನ ಭಾಗವನ್ನು ತಾನೇ ಎತ್ತಿ ತೋರಿಸುವುದು ಬೇರೆ.

ಹಾಗಾದರೆ ನಿಜವಾದ ಬಿಳಿ ಅಂತ ಗೊತ್ತಾಗುವುದು ಹೇಗೆ? ಗಂಟಲು ನೋಡಬೇಕು. ಕೆಳಗಿನಿಂದ ಪುಟಿದ ಬೆಳಕಾದರೆ ಅದು ಹೊಟ್ಟೆಗೆ ಮಾತ್ರ ಬೀಳಲ್ಲ. ಗಂಟಲು, ಎದೆ, ರೆಕ್ಕೆಯ ಕೆಳಭಾಗ, ಬಾಲದ ಬುಡ ಎಲ್ಲ ಒಂದೇ ಸಮ ತಿಳಿಯಾಗುತ್ತವೆ. ಇವಳ ಚಿತ್ರದಲ್ಲಿ ಗಂಟಲು ಮತ್ತು ಎದೆ ಕಡು ಬೂದು ಬಣ್ಣದಲ್ಲೇ ಉಳಿದಿವೆ. ಎದೆಯ ಕೆಳಗೆ ಬೂದು ಚೂರು ಚೂರಾಗಿ ಒಡೆದು, ಅಲ್ಲಿಂದ ಬಿಳಿ ಶುರುವಾಗುತ್ತದೆ. ರೆಕ್ಕೆಯ ಅಡಿ ಪೂರ್ತಿ ಕಪ್ಪು. ಒಂದೇ ಬೆಳಕಿನಲ್ಲಿ ಒಂದು ಭಾಗ ಕಪ್ಪು, ಪಕ್ಕದ್ದು ಬಿಳಿ ಅಂದರೆ ಅದು ಪುಕ್ಕದ್ದೇ ಬಣ್ಣ. ಇನ್ನೊಂದು ಚಿತ್ರ ಕಟ್ಟಡದ ನೆರಳಿನಲ್ಲಿ, ಕೆಳಗೆ ಡಾಂಬರು ರಸ್ತೆ ಇರುವಾಗ ತೆಗೆದದ್ದು. ಅದರಲ್ಲೂ ಹೊಟ್ಟೆ ಬಿಳಿಯೇ. ಇಷ್ಟು ಸಾಕು.

ಹಾರಾಟವೂ ಹೊಂದುತ್ತದೆ. ಬಿಳಿಹೊಟ್ಟೆಯದು ಪಟಪಟ ರೆಕ್ಕೆ ಬಡಿದು, ಸ್ವಲ್ಪ ತೇಲಿ, ತಟ್ಟನೆ ತಿರುಗಿ, ಮರ ಮತ್ತು ಮನೆಗಳ ಸಂದಿಯಲ್ಲೇ ಸುಳಿದಾಡುತ್ತದೆ. ಸಂಜೆ ನೋಡಿದವರು ಬಾವಲಿ ಅಂದುಕೊಳ್ಳುವುದು ಇದಕ್ಕೇ. ಜೊಲ್ಲುಗೂಡಿನದು ಸಾಮಾನ್ಯವಾಗಿ ಇನ್ನೂ ಮೇಲೆ, ಜಾಸ್ತಿ ತೇಲಿಕೊಂಡು ಹೋಗುತ್ತದೆ. ಇದನ್ನು ಸಾಕ್ಷಿ ಅಂತ ಒಪ್ಪುವುದಿಲ್ಲ, ಪೂರಕ ಅಂತ ಇಟ್ಟುಕೊಳ್ಳಬಹುದು. ಮಳೆ ಮೋಡ ಕವಿದ ದಿನ ಹುಳುಗಳು ಕೆಳಗಿಳಿದರೆ ಎಲ್ಲ ಸ್ವಿಫ್ಟ್‌ಲೆಟ್‌ಗಳೂ ಕೆಳಗೇ ಹಾರುತ್ತವೆ.

ಗೂಡಿನ ಚಿತ್ರವೂ ಇತ್ತು. ಒಳಗಿನ ತೊಲೆಗೆ ಅಂಟಿಸಿದ ಅರ್ಧ ಬಟ್ಟಲಿನ ಆಕಾರ. ಪಾಚಿ, ನಾರು, ಒಣಗಿದ ಗಿಡದ ಎಳೆಗಳನ್ನು ಜೊಲ್ಲಿನಿಂದ ಬೆಸೆದದ್ದು. ಬಿಳಿಹೊಟ್ಟೆಯದರ ಗೂಡು ಹೀಗೇ ಇರುತ್ತದೆ, ಜೊಲ್ಲು ಬರೀ ಅಂಟು. ಬೆಳಕು ಬರುವ ಜಾಗವೇ ಅದಕ್ಕೆ ಬೇಕು: ಜೆಟ್ಟಿ, ಶೆಡ್ಡು, ಮನೆಯ ಜಗಲಿ, ಗುಹೆಯ ಬಾಯಿ. ಕತ್ತಲಲ್ಲಿ ಸದ್ದಿನಿಂದ ದಾರಿ ಹುಡುಕುವ ವಿದ್ಯೆ ಇದಕ್ಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಊರ ಕಟ್ಟಡದಲ್ಲಿ ಗೂಡಿದೆ ಅಂದಮಾತ್ರಕ್ಕೆ ಬಿಳಿಹೊಟ್ಟೆಯದೇ ಅನ್ನುವ ಹಾಗಿಲ್ಲ. ಇಂಡೋನೇಷ್ಯಾದಲ್ಲಿ ಜೊಲ್ಲುಗೂಡಿನ ಹಕ್ಕಿಯ ಮೊಟ್ಟೆಯನ್ನು ಬೇರೆ ಸ್ವಿಫ್ಟ್‌ಲೆಟ್‌ಗಳ ಗೂಡಿನಲ್ಲಿಟ್ಟು, ಸಾಕುತಾಯಿಯಿಂದ ಮರಿ ಮಾಡಿಸಿ, ಮನೆಗಳಲ್ಲೇ ಅದರ ಬೀಡು ಬೆಳೆಸುವ ಉದ್ಯಮ ಬಹಳ ಹಿಂದಿನಿಂದ ಇದೆ. ಅಂಡಮಾನಿನಲ್ಲೂ ಸಂರಕ್ಷಣೆಯ ಭಾಗವಾಗಿ ಇಂಥ ಪ್ರಯೋಗ ನಡೆದಿದೆ. ಹಾಗಾಗಿ ಕಟ್ಟಡ ನೋಡಿ ತೀರ್ಪು ಕೊಡಬಾರದು, ಗೂಡು ಯಾವುದರಿಂದ ಕಟ್ಟಿದ್ದು ಅಂತ ನೋಡಬೇಕು.

ಹೆಸರಿನ ಗೊಂದಲವನ್ನು ಇಲ್ಲೇ ಮುಗಿಸುತ್ತೇನೆ. ಅವಳ ಬಳಿ ಇದ್ದ ಹಳೇ ಪುಸ್ತಕದಲ್ಲಿ ಪ್ಲೂಮ್-ಟೋಡ್ ಅನ್ನುವ ಹಕ್ಕಿಯೇ ಇರಲಿಲ್ಲ. ಅದರಲ್ಲಿ ಇದ್ದದ್ದು ವೈಟ್-ಬೆಲ್ಲೀಡ್. ಇನ್ನೂ ಕೆಲವು ಪುಸ್ತಕಗಳಲ್ಲಿ ಗ್ಲಾಸಿ ಅಂತ ಇದೆ. ಅಂಡಮಾನಿನ ಮಟ್ಟಿಗೆ ಮೂರೂ ಒಂದೇ ಹಕ್ಕಿ. 1867ರಲ್ಲಿ ಬೀವನ್ ಎಂಬ ಪಕ್ಷಿತಜ್ಞ ಅದಕ್ಕೆ ಕೊಲೊಕೇಲಿಯಾ ಅಫಿನಿಸ್ ಅಂತ ವೈಜ್ಞಾನಿಕ ಹೆಸರು ಕೊಟ್ಟಿದ್ದ. ಆಮೇಲೆ ಅದನ್ನು ಪೆಸಿಫಿಕ್‌ವರೆಗೆ ಹರಡಿದ್ದ ಗ್ಲಾಸಿ ಸ್ವಿಫ್ಟ್‌ಲೆಟ್‌ನ ಒಂದು ಉಪಜಾತಿ ಅಂತ ಸೇರಿಸಿಕೊಂಡರು. 2017ರಲ್ಲಿ ಆ ಇಡೀ ಗುಂಪಿನ ಡಿಎನ್ಎ ಮತ್ತು ರೂಪ ಎರಡನ್ನೂ ನೋಡಿ ಮತ್ತೆ ಒಡೆದ ಮೇಲೆ ಅಫಿನಿಸ್ ಬೇರೆ ಹಕ್ಕಿಯಾಯಿತು. ಹಿಂಬೆರಳಿನ ಮೇಲಿನ ಒಂದು ಸಣ್ಣ ಗರಿ ಅದರ ಲಕ್ಷಣ. ಹಕ್ಕಿಯನ್ನು ಕೈಯಲ್ಲಿ ಹಿಡಿದವರಿಗೆ ಮಾತ್ರ ಅದು ಕಾಣುತ್ತದೆ. ಜೆಟ್ಟಿಯ ಮೇಲೆ ನಿಂತು ಅದನ್ನು ಹುಡುಕುವುದು ಸುಮ್ನೆ ಕಣ್ಣಿಗೆ ಶಿಕ್ಷೆ.

ಆ್ಯಪ್ ಯಾಕೆ ತಪ್ಪು ಹೇಳಿತು ಅನ್ನುವುದಕ್ಕೆ ನನ್ನ ಊಹೆ ಇಷ್ಟು: ಅವಳು ಅದಕ್ಕೆ ಕೊಟ್ಟ ಚಿತ್ರದಲ್ಲಿ ಹಿಂದೆ ಬಿಳಿ ಆಕಾಶ ಇತ್ತು, ಹಕ್ಕಿ ಬರೀ ಕಪ್ಪು ಕುಡುಗೋಲು. ಚಿತ್ರದ ಬೆಳಕನ್ನು ಒಂದೂವರೆ ಸ್ಟಾಪ್ (ಕ್ಯಾಮೆರಾದವರ ಬೆಳಕಿನ ಅಳತೆ) ಏರಿಸಿ ನೋಡಿದಾಗ ಅದರಲ್ಲೂ ಹೊಟ್ಟೆಯ ಬಿಳಿ ಸ್ವಲ್ಪ ತೋರಿತು. ಆಕಾಶದ ಎದುರು ಹಕ್ಕಿ ತೆಗೆಯುವಾಗ ಮೊದಲೇ ಎಕ್ಸ್‌ಪೋಷರ್ ಏರಿಸಿಕೊಳ್ಳುವುದು ಒಳ್ಳೆಯದು. ಆಕಾಶ ಹಾಳಾದರೆ ಆಗಲಿ, ನಮಗೆ ಬೇಕಿರುವುದು ಹಕ್ಕಿ.

ತೀರ್ಮಾನ: ಪ್ಲೂಮ್-ಟೋಡ್ ಸ್ವಿಫ್ಟ್‌ಲೆಟ್, ಅನುಮಾನ ಇಲ್ಲ.

ಎರಡನೆಯದು: ಗುಹೆಯ ಒಳಗಿನ ಸದ್ದು

ಇದು ಉತ್ತರ ಅಂಡಮಾನಿನ ಕಡೆಯ ಒಂದು ಸುಣ್ಣಕಲ್ಲಿನ ಗುಹೆ. ಅರಣ್ಯ ಇಲಾಖೆಯ ಸಿಬ್ಬಂದಿ ಜೊತೆ, ಅನುಮತಿ ಪಡೆದೇ ಹೋಗಿದ್ದಳು. ಯಾವ ಗುಹೆ ಅಂತ ಬರೆಯುವುದಿಲ್ಲ, ಕಾರಣ ಮುಂದೆ ಬರುತ್ತದೆ. ಫೋಟೋ ಅನ್ನುವಂಥದ್ದು ಏನೂ ಇಲ್ಲ. ಫ್ಲ್ಯಾಶ್ ಹಾಕಬೇಡಿ ಅಂತ ಅವರು ಹೇಳಿದ್ದರು, ಇವಳೂ ಹಾಕಲಿಲ್ಲ. ಇರುವುದು ಒಂದು ವಿಡಿಯೋ. ಚಿತ್ರದಲ್ಲಿ ಬರೀ ಕತ್ತಲು, ನೆಲದ ಮೇಲೆ ಟಾರ್ಚಿನ ಮಂದ ಬೆಳಕು. "ಇದರಲ್ಲಿ ಏನೂ ಕಾಣಲ್ಲ, ಡಿಲೀಟ್ ಮಾಡ್ಲಾ?" ಅಂತ ಕೇಳಿದ್ದಳು. ಮೂರರಲ್ಲಿ ನನಗೆ ಅತಿ ಗಟ್ಟಿ ಅನಿಸಿದ ಸಾಕ್ಷಿ ಅದೇ.

ವಿಡಿಯೋದಲ್ಲಿ ಕೇಳುವುದು ಟಿಕ್ ಟಿಕ್ ಟಿಕ್ ಅನ್ನುವ ಒಣ ಸದ್ದು. ಹಕ್ಕಿ ಗೋಡೆಗೆ ಹತ್ತಿರ ಬಂದ ಹಾಗೆ ಅದು ಬೇಗ ಬೇಗ ಆಗಿ ಟರ್‍ರ್ ಅಂತ ಕೂಡಿಕೊಳ್ಳುತ್ತದೆ. ಇದು ಕತ್ತಲಲ್ಲಿ ದಾರಿ ಹುಡುಕುವ ಸದ್ದು. ಹಕ್ಕಿ ಕ್ಲಿಕ್ ಮಾಡುತ್ತದೆ, ಗೋಡೆಗೆ ಬಡಿದು ಮರಳಿದ ದನಿಯಿಂದ ದೂರ ಅಂದಾಜು ಮಾಡುತ್ತದೆ. ಬಾವಲಿ ಇರಬಹುದಲ್ಲ ಅನ್ನಬಹುದು. ಹುಳ ಹಿಡಿಯುವ ಬಾವಲಿಗಳು ಇದಕ್ಕೆ ಬಳಸುವ ಸದ್ದು ಬಹುಪಾಲು ನಮ್ಮ ಕಿವಿಗೆ ನಿಲುಕದಷ್ಟು ಎತ್ತರದ್ದು. ಸ್ವಿಫ್ಟ್‌ಲೆಟ್‌ನ ಕ್ಲಿಕ್ ನಮಗೆ ಚೆನ್ನಾಗಿ ಕೇಳುತ್ತದೆ, ಫೋನಿಗೂ ಸಿಗುತ್ತದೆ. ಬಾವಲಿಯಷ್ಟು ಸೂಕ್ಷ್ಮ ವಿದ್ಯೆ ಅಲ್ಲ ಇದು. ಗುಹೆಯಲ್ಲಿ ಡಿಕ್ಕಿ ಹೊಡೆಯದೆ ಗೂಡು ಸೇರೋಕೆ ಸಾಕು. ಹುಳ ಹಿಡಿಯುವುದು ಹೊರಗೆ, ಕಣ್ಣಿನಿಂದಲೇ.

ಕ್ಲಿಕ್ ಕೇಳಿದ ಕೂಡಲೇ ಬಿಳಿಹೊಟ್ಟೆಯದು ಪಟ್ಟಿಯಿಂದ ಹೊರಗೆ ಹೋಯಿತು. ಉಳಿದದ್ದು ಜೊಲ್ಲುಗೂಡಿನದು ಮತ್ತು ಹಿಮಾಲಯದ್ದು, ಎರಡೂ ಕ್ಲಿಕ್ ಮಾಡುತ್ತವೆ. ಇಲ್ಲಿ ಗೂಡು ಕೆಲಸಕ್ಕೆ ಬಂತು. ಅವಳು ನೋಡಿ ಬರೆದುಕೊಂಡಿದ್ದು: ಗುಹೆಯ ತಿರುವು ದಾಟಿ, ಹೊರಗಿನ ಬೆಳಕು ಬಾರದ ಕಡೆ, ಬಂಡೆಗೆ ಅಂಟಿದ ಮಾಸಲು ಬಿಳಿ ಅರ್ಧ ಬಟ್ಟಲುಗಳು. ಪಾಚಿ ಇಲ್ಲ, ಹುಲ್ಲಿಲ್ಲ. ಕೆಲವದರಲ್ಲಿ ಹಕ್ಕಿ ಕೂತಿತ್ತು. ಪೂರ್ತಿ ಗಟ್ಟಿಯಾದ ಜೊಲ್ಲಿನಿಂದಲೇ ಗೂಡು ಕಟ್ಟುವುದು ಅಂಡಮಾನಿನಲ್ಲಿ ಒಂದೇ ಹಕ್ಕಿ. ಹಿಮಾಲಯದ್ದು ಇಲ್ಲಿ ಗೂಡು ಕಟ್ಟುವುದಿಲ್ಲ. ಅಂಡಮಾನ್ ನಿಕೋಬಾರಿನ ಈ ಜೊಲ್ಲುಗೂಡಿನ ಉಪಜಾತಿಯನ್ನು ಮೊದಲು ವಿವರಿಸಿದ್ದು ಎ. ಓ. ಹ್ಯೂಮ್, 1873ರಲ್ಲಿ. ಕಾಂಗ್ರೆಸ್ ಸ್ಥಾಪನೆಯಲ್ಲಿ ನಾವು ಓದಿದ ಅದೇ ಹ್ಯೂಮ್.

ಜಾಗದ ಹೆಸರು ಯಾಕೆ ಮುಚ್ಚಿಟ್ಟೆ ಅಂದರೆ, ಈ ಗೂಡು ಕದಿಯುವವರು ಮೊಟ್ಟೆ ಇಡುವ ಮೊದಲೇ ಕಿತ್ತುಕೊಂಡು ಹೋಗುತ್ತಾರೆ. ಹಕ್ಕಿ ಮತ್ತೆ ಕಟ್ಟುತ್ತದೆ, ಮತ್ತೆ ಕೀಳುತ್ತಾರೆ. ಮರಿಯೇ ಆಗುವುದಿಲ್ಲ. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ರವಿ ಶಂಕರನ್ ಅಂಡಮಾನ್ ನಿಕೋಬಾರಿನ ಗುಹೆಗಳನ್ನು ಸುತ್ತಿ ಈ ಕುಸಿತವನ್ನು ದಾಖಲಿಸಿದರು. 1999ರಿಂದ ಅರಣ್ಯ ಇಲಾಖೆ ಜೊತೆ ಸೇರಿ ಗುಹೆ ಕಾಯುವ ಕೆಲಸ ಶುರುವಾಯಿತು. ಚಾಲೀಸ್ ಏಕ್ ಗುಹೆಗಳು ಮತ್ತು ಇಂಟರ್‌ವ್ಯೂ ದ್ವೀಪ ಈ ಕೆಲಸದಲ್ಲಿ ಮುಖ್ಯವಾದವು. ಹಿಂದೆ ಗೂಡು ಕೀಳುತ್ತಿದ್ದವರನ್ನೇ ಕಾವಲಿಗೆ ಹಾಕಿಕೊಂಡರು. ಬಂಡೆಯ ಯಾವ ಸಂದಿಯಲ್ಲಿ ಏನಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ನಮ್ಮ ವೆಂಗುರ್ಲಾ ಕಡೆಯಲ್ಲೂ ಗೂಡು ಕಳ್ಳತನ ಬಯಲಾಗಿ ಕಾವಲು ಹಾಕಬೇಕಾಯಿತು. ಹಾಗಾಗಿ ಅವಳಿಗೆ ಮೊದಲು ಹೇಳಿದ್ದು ಹಕ್ಕಿಯ ಹೆಸರಲ್ಲ. ಆ ವಿಡಿಯೋದ ಲೊಕೇಶನ್ ತೆಗೆದುಹಾಕು, ನೀನು ಹಾಕಿದ ಹಕ್ಕಿಪಟ್ಟಿಯನ್ನು ಬೇರೆಯವರಿಗೆ ಕಾಣದಂತೆ ಮರೆಮಾಡು ಅಂತ.

ಅಲ್ಲಿನ ಜನ ಸ್ವಿಫ್ಟ್‌ಲೆಟ್‌ಗೆ ಹವಾಬಿಲ್ ಅನ್ನುತ್ತಾರೆ. ಕಾವಲಿನವರು ಇವಳಿಗೆ ಹೇಳಿದ್ದೂ ಅಷ್ಟೇ: "ಯೇ ಸಫೇದ್ ಘೋಸಲಾವಾಲಾ ಹವಾಬಿಲ್ ಹೈ." ಬಿಳಿ ಗೂಡಿನ ಹವಾಬಿಲ್. ನಾನು ಇಷ್ಟುದ್ದ ಬರೆದದ್ದನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿದ್ದರು.

ತೀರ್ಮಾನ: ಎಡಿಬಲ್-ನೆಸ್ಟ್ ಸ್ವಿಫ್ಟ್‌ಲೆಟ್. ಹಕ್ಕಿಯ ಒಂದು ಪುಕ್ಕವೂ ಸರಿಯಾಗಿ ಕಾಣದೆ ಸಿಕ್ಕ ಗುರುತು.

ಮೂರನೆಯದು: ಚಿಡಿಯಾ ಟಾಪುವಿನ ಸಂಜೆ

ಪೋರ್ಟ್ ಬ್ಲೇರ್‌ನಿಂದ ದಕ್ಷಿಣಕ್ಕೆ ಇರುವ ಚಿಡಿಯಾ ಟಾಪು ಸೂರ್ಯಾಸ್ತ ನೋಡೋಕೆ ಜನ ಹೋಗುವ ಜಾಗ. ಕಾಡಿನ ಮೇಲೆ, ಸಾಕಷ್ಟು ಎತ್ತರದಲ್ಲಿ, ಒಂದು ಗುಂಪು. ಇವಳ ಕ್ಯಾಮೆರಾ ಒಳ್ಳೆಯದು, ಸಾಲು ಸಾಲಾಗಿ ಚಿತ್ರ ಸಿಕ್ಕಿದ್ದವು. ನೋಡೋಕೆ ಮೂರರಲ್ಲಿ ಅತಿ ಚಂದ ಇವೇ. ಗುರುತಿಗೆ ಅತಿ ಬಡವೂ ಇವೇ.

ಒಂದು ಚಿತ್ರದಲ್ಲಿ ಸೊಂಟ ತಿಳಿಯಾಗಿ ಕಾಣುತ್ತದೆ. "ಸೊಂಟ ಮಾಸಲು ಅಂದಿದ್ಯಲ್ಲ ಅಣ್ಣಾ, ಇದು ಜೊಲ್ಲುಗೂಡಿನದೇ ಆಯ್ತಲ್ಲ?" ಅಂತ ಅವಳ ವಾದ. ಅದೇ ಹಕ್ಕಿಯ ಮುಂದಿನ ಚಿತ್ರ ತೆರೆದು ನೋಡಲು ಹೇಳಿದೆ. ಹಕ್ಕಿ ಸ್ವಲ್ಪ ವಾಲಿದೆ, ಸೊಂಟ ಬೆನ್ನಿನಷ್ಟೇ ಕಪ್ಪು. ಇಳಿಬಿಸಿಲು ಪಕ್ಕದಿಂದ ಬೀಳುವಾಗ ಹಕ್ಕಿ ತಿರುಗಿದ ಕಡೆಯೆಲ್ಲ ತಿಳಿ ಆಗುತ್ತದೆ. ಸೊಂಟದ ಬಣ್ಣ ನಿಜವಾದರೆ ಎರಡೂ ಚಿತ್ರದಲ್ಲಿ ಬೆನ್ನಿಗಿಂತ ತಿಳಿಯಾಗಿ ಇರಬೇಕಿತ್ತು. ಒಂದೇ ಚಿತ್ರ ಕೊಟ್ಟಿದ್ದರೆ ನಾನೂ ಬಹುಶಃ ತಲೆದೂಗುತ್ತಿದ್ದೆ.

ಗಾತ್ರ? ಖಾಲಿ ಆಕಾಶದಲ್ಲಿ 10 ಸೆಂ.ಮೀ. ಹಕ್ಕಿಗೂ 12 ಸೆಂ.ಮೀ. ಹಕ್ಕಿಗೂ ವ್ಯತ್ಯಾಸ ಹೇಳುತ್ತೇನೆ ಅನ್ನುವವರನ್ನು ನಾನು ನಂಬಲ್ಲ. ಅದೇ ಚೌಕಟ್ಟಿನಲ್ಲಿ, ಅಷ್ಟೇ ದೂರದಲ್ಲಿ ಗೊತ್ತಿರುವ ಇನ್ನೊಂದು ಹಕ್ಕಿ ಇದ್ದರೆ ಮಾತ್ರ ಗಾತ್ರಕ್ಕೆ ಅರ್ಥ. ಇಲ್ಲಿ ಇರಲಿಲ್ಲ. ಬಾಲದ ಕವಲು ಹಕ್ಕಿ ಬಾಲ ಬಿಚ್ಚಿದಾಗ ಒಂದು ಥರ, ಮುಚ್ಚಿದಾಗ ಒಂದು ಥರ. ಹೊಟ್ಟೆ ಎಲ್ಲದರಲ್ಲೂ ಕಪ್ಪು, ಆದರೆ ಆ ಹೊತ್ತಿನಲ್ಲಿ ಕೊಕ್ಕರೆ ಹಾರಿದ್ದರೂ ಕಪ್ಪೇ ಕಾಣುತ್ತಿತ್ತು. ಸದ್ದು ಇಲ್ಲ. ಹೊರಗೆ ಬೆಳಕಿದ್ದಾಗ ಇವು ಕ್ಲಿಕ್ ಮಾಡುವ ಅಗತ್ಯವೂ ಇಲ್ಲ.

ತಿಂಗಳು ಫೆಬ್ರವರಿ. ಅಂದರೆ ಹಿಮಾಲಯದ್ದನ್ನೂ ತೆಗೆದುಹಾಕುವ ಹಾಗಿಲ್ಲ. ಅತಿ ಸಂಭವ ಜೊಲ್ಲುಗೂಡಿನದು ಅಂತ ನನಗೂ ಅನಿಸುತ್ತದೆ. ಎತ್ತರ, ಗುಂಪು, ತೇಲುವ ಹಾರಾಟ ಎಲ್ಲ ಆ ಕಡೆಗೇ ಬೆರಳು ತೋರಿಸುತ್ತವೆ. ಆದರೆ ಅನಿಸಿದ್ದನ್ನು ಪಟ್ಟಿಯಲ್ಲಿ ಬರೆದರೆ ಮುಂದೆ ಅದನ್ನು ಓದುವವರು ನೋಡಿದ್ದು ಅಂದುಕೊಳ್ಳುತ್ತಾರೆ. ಇದಕ್ಕೆ ಬರೆಸಿದ್ದು ಬರೀ "ಸ್ವಿಫ್ಟ್‌ಲೆಟ್, ಜಾತಿ ಖಚಿತವಿಲ್ಲ" ಅಂತ. ಅವಳಿಗೆ ಬೇಜಾರಾಯಿತು. "ಇಷ್ಟು ಚೆನ್ನಾಗಿರೋ ಫೋಟೋಗೇ ಹೆಸರಿಲ್ವಾ?"

ಪಟ್ಟಿ ತಿದ್ದಿದ್ದಾಳೆ. ಒಂದೇ ಹೆಸರಿದ್ದ ಕಡೆ ಈಗ ಎರಡು ಹೆಸರು, ಒಂದು ಖಾಲಿ. ಚಿಡಿಯಾ ಟಾಪುವಿಗೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ಮತ್ತೆ ಹೋಗುತ್ತಾಳಂತೆ. ಆಗ ಚಳಿಗಾಲದ ಅತಿಥಿಗಳು ಹೊರಟುಹೋಗಿರುತ್ತವೆ. ಸಂಜೆ ಬೇಡ, ಬೆಳಗ್ಗೆ ಹೋಗು, ಸೂರ್ಯ ನಿನ್ನ ಬೆನ್ನ ಹಿಂದಿರಲಿ, ಎಕ್ಸ್‌ಪೋಷರ್ ಏರಿಸು ಅಂತ ಹೇಳಿದ್ದೇನೆ. ಗಂಟಲು, ಎದೆ, ಹೊಟ್ಟೆ ಮೂರೂ ಒಂದೇ ಬೆಳಕಿನಲ್ಲಿ ಬಂದು, ಮೂರೂ ಒಂದೇ ಬೂದು ಬಣ್ಣದಲ್ಲಿದ್ದರೆ ಆ ದಿನದ ಹಕ್ಕಿಗೆ ಹೆಸರು ಬರೆಯಬಹುದು. ಫೆಬ್ರವರಿಯ ಸಾಲು ಮಾತ್ರ ಹಾಗೇ ಇರುತ್ತದೆ.